ನೋವಿನ ಗುಳಿಗೆಯೂ ಬೇಕು, ಹೊಟ್ಟೆಯೂ ಹಗುರಾಗಬೇಕು

ಪ್ರಶ್ನೆ: ನಮ್ಮದು ಕಾಗಿನೆಲೆ. ಅಪ್ಪನಿಗೆ ಕ್ಯಾನ್ಸರ್. ಮಾರ್ಫಿನ್ ಗುಳಿಗೆ ಶುರುವಾದ ಮೇಲೆ ನೋವು ತಗ್ಗಿ ನಿದ್ದೆ ಬರುತ್ತಿತ್ತು. ಆದರೆ ನಾಲ್ಕೈದು ದಿನವಾದರೂ ಸಂಡಾಸ ಆಗುವುದಿಲ್ಲ. ‘ಇದಕ್ಕಿಂತ ಆ ನೋವೇ ಇರಲಿ’ ಎಂದು ಮೊನ್ನೆಯಿಂದ ಗುಳಿಗೆ ಬಿಟ್ಟಿದ್ದಾರೆ. ಮಗಳಾಗಿ ಇದನ್ನು ಕೇಳಲೂ ಸಂಕೋಚ.

ಉತ್ತರ: ಸಂಕೋಚ ಬದಿಗಿಟ್ಟು ಬರೆದಿರಿ, ಒಳ್ಳೆಯದಾಯಿತು. ಅಪ್ಪ ನರಳುವುದನ್ನು ನೋಡಲೂ ಆಗದೆ, ಗುಳಿಗೆ ನುಂಗಿ ಎನ್ನಲೂ ಬಾಯಿ ಬರದೆ ನೀವು ಸೋತುಹೋಗಿದ್ದೀರಿ. ಅವರದೂ ಹಟವಲ್ಲ. ಹೊಟ್ಟೆ ಉಬ್ಬಿ, ಮುಕ್ಕಿದರೂ ಆಗದ ಸಂಕಟ ಸಣ್ಣದಲ್ಲ. ಅದನ್ನು ಮಗಳ ಮುಂದೆ ಹೇಳಬೇಕಾಗುವುದು ಇನ್ನೂ ಕಷ್ಟ. ರಾಣೆಬೆನ್ನೂರು, ಹಾವೇರಿಯ ಎಷ್ಟೋ ಮನೆಗಳಲ್ಲಿ ಹಿರಿಯರು ಇದೇ ಕಾರಣಕ್ಕೆ ಸುಮ್ಮನೆ ನೋವು ನುಂಗುತ್ತಿರಬಹುದು.

ಹಾಗೆ ನೋವು ನುಂಗಬೇಕಿಲ್ಲ. ಮಾರ್ಫಿನ್ ನೋವನ್ನು ತಡೆಯುವ ಜೊತೆಗೆ ಕರುಳಿನ ಚಲನೆಯನ್ನೂ ನಿಧಾನ ಮಾಡುತ್ತದೆ. ಮಲದ ನೀರು ಹೀರಿಹೋಗಿ ಅದು ಗಟ್ಟಿಯಾಗುತ್ತದೆ. ಶುರುವಿನ ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ಮಲಬದ್ಧತೆ ಹಾಗಲ್ಲ, ಗುಳಿಗೆ ಇರುವಷ್ಟು ದಿನವೂ ಕಾಡುತ್ತದೆ. ಅದಕ್ಕಾಗಿಯೇ ಮಾರ್ಫಿನ್ ಜೊತೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಕೊಡಬೇಕು. ನಿಮಗೆ ಯಾರೂ ಹೇಳಿಲ್ಲವೆಂದರೆ ಆ ತಪ್ಪು ನಿಮ್ಮದಲ್ಲ.

ಮಾರ್ಫಿನ್ ಬರೆದ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ಗುಳಿಗೆ ಬಿಟ್ಟು ಎಷ್ಟು ದಿನವಾಯಿತು, ಕೊನೆಯ ಸಲ ಸಂಡಾಸ ಯಾವಾಗ ಆಯಿತು, ಎರಡನ್ನೂ ಹೇಳಿ. ಗುಳಿಗೆಯನ್ನು ಎಷ್ಟರಿಂದ ಮತ್ತೆ ಶುರುಮಾಡಬೇಕೆಂದು ಅವರೇ ಹೇಳಲಿ. ಕರುಳನ್ನು ಚುರುಕುಗೊಳಿಸುವ ಬಿಸಾಕೋಡಿಲ್, ಮಲ ಮೆದುವಾಗಿಸುವ ಲ್ಯಾಕ್ಟುಲೋಸ್ ಇಂಥವನ್ನು ಕೊಟ್ಟಾರು. ಬಿಸಾಕೋಡಿಲ್ ರಾತ್ರಿ ನುಂಗಿದರೆ ಹೆಚ್ಚಾಗಿ ಬೆಳಿಗ್ಗೆ ಫಲ ಕಾಣುತ್ತದೆ. ಲ್ಯಾಕ್ಟುಲೋಸಿಗೆ ಒಂದೆರಡು ದಿನ ಬೇಕು. ಕಟ್ಟಿಕೊಂಡ ದಿನ ಮಾತ್ರ ಕೊಟ್ಟರೆ ಸಾಲದು, ವೈದ್ಯರು ಹೇಳಿದಂತೆ ದಿನವೂ ಕೊಡಬೇಕು.

ಇಸಬ್ಗೋಲ್ ಬೇಡ. ನೀರು ಕಡಿಮೆ ಕುಡಿಯುವವರಲ್ಲಿ ಅದೇ ಕರುಳಲ್ಲಿ ಗಟ್ಟಿಯಾಗಿ ಕೂರಬಹುದು. ಔಡಲ ಎಣ್ಣೆಯನ್ನೂ ನೀವಾಗಿ ಕುಡಿಸಬೇಡಿ. ಮಜ್ಜಿಗೆ, ಗಂಜಿ, ನೀರು ಸೇರಿದಷ್ಟು ಕೊಡಿ, ಆದರೆ ಅಷ್ಟರಿಂದಲೇ ಸರಿಹೋಗುವುದಿಲ್ಲ. ಇದೆಲ್ಲ ಬ್ಯಾಡಗಿ ಮೆಣಸಿನಕಾಯಿಯ ಖಾರದಿಂದ ಎಂದು ಯಾರಾದರೂ ಅಂದರೆ ನಂಬಬೇಡಿ. ಬಾಯಿ ಕೆಟ್ಟಿರುವ ಮನುಷ್ಯ, ಒಗ್ಗುವಷ್ಟು ರುಚಿ ಇರಲಿ. ಬೆಳಿಗ್ಗೆ ಚಹಾ, ತಿಂಡಿ ಆದ ಮೇಲೆ ಕರುಳು ತಾನಾಗಿ ಮಿಸುಕುತ್ತದೆ. ಆಗ ಅವಸರವಿಲ್ಲದೆ ಕೂರಲಿ. ಕಮೋಡ್ ಆದರೆ ಕಾಲ ಕೆಳಗೆ ಸಣ್ಣ ಮಣೆ ಇಡಿ.

ವಾಂತಿಯಾಗುತ್ತಿದ್ದರೆ, ಹೊಟ್ಟೆ ಬಿಗಿದು ಗಾಳಿಯೂ ಹೋಗದಿದ್ದರೆ ಯಾವ ಭೇದಿ ಮಾತ್ರೆಯನ್ನೂ ಕೊಡದೆ ಕೂಡಲೇ ಹಾವೇರಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಹಲವು ದಿನ ಕಟ್ಟಿಕೊಂಡವರಿಗೆ ಒಮ್ಮೆಲೇ ನೀರುನೀರಾಗಿ ಹೋದರೆ ಹೊಟ್ಟೆ ಬಿಟ್ಟಿತು ಎಂದುಕೊಳ್ಳಬೇಡಿ. ಗಟ್ಟಿ ಮಲದ ಪಕ್ಕದಿಂದ ನೀರು ಜಾರುತ್ತಿರಬಹುದು. ಅದನ್ನೂ ವೈದ್ಯರಿಗೆ ತಿಳಿಸಿ. ಊರಿನ ವೈದ್ಯರಿಗೆ ಮಾರ್ಫಿನ್ ಬಳಸಿ ರೂಢಿಯಿಲ್ಲದಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ.

ನಿಮ್ಮ ಹತ್ತಿರ ಹೇಳಲು ಅಪ್ಪನಿಗೆ ನಾಚಿಕೆಯಾದರೆ ಅಣ್ಣನೋ ಚಿಕ್ಕಪ್ಪನೋ ಕೇಳಲಿ. ಅಥವಾ ಸಂಡಾಸ ಆದ ದಿನ ಅವರೇ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಲಿ. ಮೂರು ದಿನ ಗೀಟು ಬೀಳದಿದ್ದರೆ ವೈದ್ಯರಿಗೆ ಫೋನ್ ಮಾಡಿ. ನಿಮಗೇ ತಡೆಯಲಾಗದೆ ಅಳು ಬಂದ ರಾತ್ರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.