ಕುಸ್ತಿ ಮೇಷ್ಟ್ರು ಚಂದಗಿ ರಾಮ್

ಅಕ್ಕಂದಿರೇ, ಗರಡಿ ಮನೆ ನೋಡಿದ್ದೀರಾ? ಹೊರಗಿನಿಂದ ನೋಡಿರುತ್ತೀರಿ. ಗಿಡ್ಡ ಬಾಗಿಲು. ಒಳಗೆ ಕೆಂಪು ಮಣ್ಣು. ಆ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡಿರುತ್ತಾರೆ. ಗೋಡೆಯ ಮೇಲೆ ಹನುಮಂತನ ಪಟ. ಬೆಳಗಿನ ಜಾವ ಗಂಡಸರು ಅಲ್ಲಿ ಸಾಮು ಮಾಡುತ್ತಾರೆ. ದಂಡ ಹೊಡೆಯುತ್ತಾರೆ, ಬಸ್ಕಿ ತೆಗೆಯುತ್ತಾರೆ. ಆದರೆ ಒಳಗೆ ಹೋಗಿದ್ದೀರಾ ಅಂತ ಕೇಳಿದರೆ, ನಮ್ಮಲ್ಲಿ ಬಹಳ ಜನ ಇಲ್ಲ ಅಂತಲೇ ಹೇಳಬೇಕು. ಹೆಂಗಸರು ಗರಡಿಗೆ ಕಾಲಿಡಬಾರದು ಅನ್ನುವುದು ಹಿಂದಿನಿಂದ ಬಂದ ಮಾತು.

ಉತ್ತರ ಭಾರತದಲ್ಲೂ ಹಾಗೇ ಇತ್ತು. ಅಲ್ಲಿ ಗರಡಿ ಮನೆಗೆ ಅಖಾಡ ಅನ್ನುತ್ತಾರೆ. ಅಂಥ ಒಂದು ಅಖಾಡದ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆದವರು ಒಬ್ಬ ಶಾಲಾ ಮೇಷ್ಟ್ರು. ಅವರ ಹೆಸರು ಚಂದಗಿ ರಾಮ್. ಇವತ್ತು ಅವರ ವಿಷಯ ಓದೋಣ.

ಹರಿಯಾಣ ರಾಜ್ಯದ ಹಿಸಾರ್ ಜಿಲ್ಲೆಯಲ್ಲಿ ಸಿಸಾಯ್ ಅಂತ ಒಂದು ಹಳ್ಳಿ. 1937ರಲ್ಲಿ ಚಂದಗಿ ರಾಮ್ ಅಲ್ಲಿ ಹುಟ್ಟಿದರು. ಹತ್ತನೇ ತರಗತಿ ಪಾಸು ಮಾಡಿದರು. ಆಮೇಲೆ ಚಿತ್ರ ಬರೆಯುವುದು, ಕೈಕೆಲಸ ಇವನ್ನೂ ಓದಿ ಕಲಿತರು. ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಕಲಿಸುವ ಕೆಲಸ ಸಿಕ್ಕಿತು. ಅದಕ್ಕೇ ಜನ ಅವರನ್ನು 'ಮಾಸ್ಟರ್ಜಿ' ಅಂತ ಕರೆದರು. ಮುಂದೆ ದೊಡ್ಡ ಪೈಲ್ವಾನರಾದರೂ ಆ ಹೆಸರು ಅವರನ್ನು ಬಿಡಲಿಲ್ಲ.

ಒಂದು ವಿಷಯ ಗಮನಿಸಿ. ಗರಡಿಗೆ ಹುಡುಗರು ಎಂಟು ಹತ್ತು ವರ್ಷಕ್ಕೇ ಸೇರುತ್ತಾರೆ. ಮೈ ಬಲಿಯುವ ಮೊದಲೇ ಪಟ್ಟು ಕಲಿಯಬೇಕು ಅನ್ನುತ್ತಾರೆ. ಆದರೆ ಮೇಷ್ಟ್ರು ಕುಸ್ತಿ ಶುರು ಮಾಡಿದ್ದು ಇಪ್ಪತ್ತು ದಾಟಿದ ಮೇಲೆ! ವಯಸ್ಸು ಮೀರಿತು ಅಂತ ಅವರು ಕೂರಲಿಲ್ಲ. ನಾವೂ ಸ್ಲೇಟು ಹಿಡಿದದ್ದು ತಡವಾಗಿಯೇ ಅಲ್ವಾ? ಅದಕ್ಕೇ ನಮಗೆ ಅವರ ಮೇಲೆ ಸ್ವಲ್ಪ ಹೆಚ್ಚು ಅಭಿಮಾನ.

ಕೆಲವೇ ವರ್ಷಗಳಲ್ಲಿ ಅವರ ಹೆಸರು ಎಲ್ಲ ಕಡೆ ಹಬ್ಬಿತು. ಹಿಂದ್ ಕೇಸರಿ, ಭಾರತ ಕೇಸರಿ ಪದವಿಗಳು ಬಂದವು. 1969ರಲ್ಲಿ ಸರ್ಕಾರ ಅರ್ಜುನ ಪ್ರಶಸ್ತಿ ಕೊಟ್ಟಿತು. 1970ರಲ್ಲಿ ಬ್ಯಾಂಕಾಕ್ ನಗರದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಲ್ಲಿ ಮೇಷ್ಟ್ರು ಇರಾನ್ ದೇಶದ ಪೈಲ್ವಾನನನ್ನು ಸೋಲಿಸಿ ಚಿನ್ನದ ಪದಕ ತಂದರು. ಮರುವರ್ಷ ಪದ್ಮಶ್ರೀ ಬಂತು. 1972ರ ಒಲಿಂಪಿಕ್ಸ್‌ಗೂ ಹೋಗಿದ್ದರು. ಅಲ್ಲಿ ಪದಕ ಸಿಗಲಿಲ್ಲ.

ಆಮೇಲೆ ಅವರು ದಿಲ್ಲಿಯಲ್ಲಿ ಯಮುನಾ ನದಿಯ ದಂಡೆಯಲ್ಲಿ ಅಖಾಡ ಕಟ್ಟಿದರು. ಹಳ್ಳಿಗಳಿಂದ ಹುಡುಗರು ಬಂದು ಅಲ್ಲೇ ಇದ್ದು ಕಲಿತರು. ಇಷ್ಟಕ್ಕೇ ನಿಂತಿದ್ದರೂ ಅವರು ದೊಡ್ಡ ಗುರುಗಳೇ. ಆದರೆ ಮುಖ್ಯ ವಿಷಯ ಮುಂದೆ ಇದೆ.

ಹೊರದೇಶಗಳಲ್ಲಿ ಹೆಂಗಸರ ಕುಸ್ತಿ ಆಗಲೇ ಬೆಳೆಯುತ್ತಿತ್ತು. 1987ರಲ್ಲಿ ಹೆಂಗಸರಿಗೂ ವಿಶ್ವ ಮಟ್ಟದ ಪಂದ್ಯ ಶುರುವಾಗಿತ್ತು. ನಮ್ಮ ಹುಡುಗಿಯರು ಯಾಕೆ ಆಡಬಾರದು ಅಂತ ಮೇಷ್ಟ್ರು ಕೇಳಿದರು. 1990ರ ದಶಕದ ಕೊನೆಯ ಹೊತ್ತಿಗೆ ಹುಡುಗಿಯರಿಗೆ ಕುಸ್ತಿ ಕಲಿಸಲು ನಿಂತರು. ಊರಿನವರ ಮಕ್ಕಳನ್ನು ಕರೆಯುವ ಮೊದಲು ತಮ್ಮ ಮಕ್ಕಳನ್ನೇ ಮಣ್ಣಿಗೆ ಇಳಿಸಿದರು. ಸೋನಿಕಾ, ದೀಪಿಕಾ ಅಂತ ಆ ಮಕ್ಕಳ ಹೆಸರು.

ಸುಮ್ಮನೆ ಬಿಟ್ಟಾರೆಯೇ? ಕುಸ್ತಿಯವರೇ ವಿರೋಧ ಮಾಡಿದರು. ಹನುಮಂತ ಬ್ರಹ್ಮಚಾರಿ, ಅವನ ಜಾಗಕ್ಕೆ ಹೆಣ್ಣು ಬಂದರೆ ಮೈಲಿಗೆ ಅಂದರು. ಹುಡುಗಿ ಚಡ್ಡಿ ಹಾಕಿ ಜನರ ಮುಂದೆ ಆಡುವುದೇ ಅಂದರು. ಮುಂದೆ ಮದುವೆ ಆಗುತ್ತದಾ ಅಂದರು. ಈ ಮಾತುಗಳು ನಮಗೆ ಹೊಸದಲ್ಲ. ಅಕ್ಷರ ಕಲಿಯಲು ಹೊರಟಾಗ ನಾವೂ ಇಂಥದ್ದನ್ನೇ ಕೇಳಿದ್ದೇವೆ. ಮೇಷ್ಟ್ರು ವಾದ ಮಾಡುತ್ತಾ ಕೂರಲಿಲ್ಲ, ಕಲಿಸುತ್ತಾ ಹೋದರು. ಬ್ಯಾಂಕಾಕಿನ ಕುಸ್ತಿಗಿಂತ ಇದೇ ದೊಡ್ಡ ಕುಸ್ತಿ ಅಂತ ನಮಗೆ ಅನ್ನಿಸುತ್ತದೆ. ಅಲ್ಲಿ ಎದುರಿಗೆ ಇದ್ದವನು ಒಬ್ಬನೇ. ಇಲ್ಲಿ ಊರೆಲ್ಲ ಎದುರು.

ಇನ್ನೊಂದು ಮಾತು. ಕುಸ್ತಿಯವರಿಗೆ ದಿನಾ ಹಾಲು, ತುಪ್ಪ, ಬಾದಾಮಿ ಬೇಕು. ಎಷ್ಟೋ ಮನೆಗಳಲ್ಲಿ ಇವು ಗಂಡುಮಕ್ಕಳ ತಟ್ಟೆಗೇ ಮೊದಲು ಹೋಗುತ್ತವೆ. ಮಗಳನ್ನು ಕುಸ್ತಿಗೆ ಬಿಟ್ಟರೆ ಅವಳ ಲೋಟಕ್ಕೂ ಅಷ್ಟೇ ಹಾಲು ಹಾಕಬೇಕು. ಹುಡುಗಿ ಅಖಾಡಕ್ಕೆ ಬಂದರೆ ಅಡುಗೆ ಮನೆಯ ಲೆಕ್ಕವೂ ಬದಲಾಗುತ್ತದೆ!

ಸೋನಿಕಾ ಚೆನ್ನಾಗಿ ಕಲಿತಳು. ಭಾರತ ಕೇಸರಿ ಪದವಿ ಪಡೆದಳು. 2006ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೂ ಹೋದಳು.

ಮೇಷ್ಟ್ರ ಅಖಾಡದಲ್ಲಿ ಹಿಂದೆ ಒಬ್ಬ ಶಿಷ್ಯರಿದ್ದರು. ಅವರ ಹೆಸರು ಮಹಾವೀರ್ ಸಿಂಗ್ ಫೋಗಟ್. ಹರಿಯಾಣದ ಬಲಾಲಿ ಹಳ್ಳಿಯವರು. ಅವರಿಗೂ ಹೆಣ್ಣುಮಕ್ಕಳು. ಗುರುಗಳು ಮಗಳಿಗೆ ಕಲಿಸಿದ್ದನ್ನು ಶಿಷ್ಯರು ಕಂಡಿದ್ದರು. 2000ರಲ್ಲಿ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಕಂಚಿನ ಪದಕ ಗೆದ್ದಳು. ನಮ್ಮ ದೇಶದ ಹೆಣ್ಣುಮಗಳಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಮಹಾವೀರ್ ತಮ್ಮ ಮಕ್ಕಳಾದ ಗೀತಾ, ಬಬಿತಾ ಇಬ್ಬರನ್ನೂ ಕುಸ್ತಿಗೆ ಇಳಿಸಿದರು. ತಮ್ಮನ ಮಗಳು ವಿನೇಶ್ ಕೂಡ ಅವರ ಹತ್ತಿರವೇ ಕಲಿತಳು. 2016ರಲ್ಲಿ ಬಂದ 'ದಂಗಲ್' ಸಿನಿಮಾ ಇವರ ಮನೆಯ ಕಥೆಯೇ. ನಿಮ್ಮಲ್ಲಿ ಕೆಲವರು ಟಿ.ವಿ.ಯಲ್ಲಿ ನೋಡಿರಬಹುದು. ಆ ಅಪ್ಪನಿಗೂ ಒಬ್ಬ ಗುರು ಇದ್ದರು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

2010ರ ಜೂನ್ 29ರಂದು ದಿಲ್ಲಿಯಲ್ಲಿ ಮೇಷ್ಟ್ರು ತೀರಿಕೊಂಡರು. ಆಗ ಅವರಿಗೆ 72 ವರ್ಷ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಅದೇ ದಿಲ್ಲಿಯಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಗೀತಾ ಚಿನ್ನ ಗೆದ್ದಳು. ಆ ಕೂಟದ ಕುಸ್ತಿಯಲ್ಲಿ ಭಾರತದ ಹೆಣ್ಣುಮಗಳಿಗೆ ಅದೇ ಮೊದಲ ಚಿನ್ನ. ಇನ್ನು ನಾಲ್ಕು ತಿಂಗಳು ಇದ್ದಿದ್ದರೆ ಮೇಷ್ಟ್ರು ಕಣ್ಣಾರೆ ನೋಡುತ್ತಿದ್ದರು.

2016ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು. ಅವಳು ಮೇಷ್ಟ್ರ ಶಿಷ್ಯೆ ಅಲ್ಲ. ರೋಹ್ಟಕ್ ಊರಿನಲ್ಲಿ ಬೇರೆ ಗುರುಗಳ ಹತ್ತಿರ ಕಲಿತವಳು. ಪದಕದ ಪಂದ್ಯದಲ್ಲಿ ಅವಳಿಗೆ ಸೊನ್ನೆ, ಎದುರಾಳಿಗೆ ಐದು ಅಂಕ. ಸೋತೇಬಿಟ್ಟಳು ಅನ್ನುವಾಗ ಎದ್ದು, ಎಂಟು ಅಂಕ ಮಾಡಿ ಗೆದ್ದಳು.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. 2023ರಲ್ಲಿ ಇದೇ ಸಾಕ್ಷಿ, ವಿನೇಶ್ ಮತ್ತೆ ಹಲವರು ದಿಲ್ಲಿಯ ಜಂತರ್ ಮಂತರ್ ರಸ್ತೆಯಲ್ಲಿ ಧರಣಿ ಕೂತರು. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಅವರು ಅದನ್ನು ಅಲ್ಲಗಳೆದರು. ವಿಷಯ ಕೋರ್ಟಿಗೆ ಹೋಯಿತು. ಒಳಗೆ ಕಾಲಿಡುವುದಕ್ಕೂ ಹೋರಾಟ, ಒಳಗೆ ಹೋದ ಮೇಲೆ ಮಾನವಾಗಿ ಇರುವುದಕ್ಕೂ ಹೋರಾಟ.

ಈಗ ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಹೆಣ್ಣುಮಕ್ಕಳ ಜೋಡಿ ಕಟ್ಟುತ್ತಾರೆ. ಹಳ್ಳಿಯ ಹುಡುಗಿಯರು ಬಂದು ಆಡುತ್ತಾರೆ. ದಸರಾಕ್ಕೆ ಹೋದರೆ ದೀಪ, ಆನೆ ನೋಡಿ ಹಾಗೇ ಬಂದುಬಿಡಬೇಡಿ. ಮನೆಯ ಹುಡುಗಿಯರ ಕೈ ಹಿಡಿದುಕೊಂಡು ಕುಸ್ತಿಯ ಕಡೆಗೂ ಒಂದು ಸಲ ಹೋಗಿ ಬನ್ನಿ.