ಪತ್ರಿಕೆಯ ಒಡೆತನ: ಏಕಸ್ವಾಮ್ಯವೂ ಮಕ್ತೇದಾರಿಯೂ

ಒಂದು ಉದ್ಯಮವನ್ನು ಒಬ್ಬನೇ ಆಳುವ ಸ್ಥಿತಿಗೆ ಕನ್ನಡದಲ್ಲಿ ‘ಏಕಸ್ವಾಮ್ಯ’ವೆನ್ನುತ್ತೇವೆ, ಮರಾಠಿಯಲ್ಲಿ ಅದು ‘ಮಕ್ತೇದಾರಿ’. ಮಕ್ತೆಯೆಂದರೆ ಗುತ್ತಿಗೆ. ಕನ್ನಡದ ಶಬ್ದ ಒಡೆಯನನ್ನಷ್ಟೇ ತೋರಿಸುತ್ತದೆ. ಮರಾಠಿಯ ಶಬ್ದವು ಆ ಗುತ್ತಿಗೆಯನ್ನು ಅವನಿಗೆ ಕೊಟ್ಟವರಾರು ಎಂಬ ಪ್ರಶ್ನೆಯನ್ನೂ ಎತ್ತುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಈ ಅಂತರ ಉಪಯುಕ್ತವಾದುದು.

ಪತ್ರಿಕೆಯ ಒಡೆಯರಾರೆಂಬುದಕ್ಕೆ ಉತ್ತರವು ಪತ್ರಿಕೆಯಲ್ಲಿಯೇ ಅಚ್ಚಾಗುತ್ತ ಬಂದಿದೆ. ಪ್ರತಿವರ್ಷ ಫೆಬ್ರವರಿ ಮುಗಿದ ಬಳಿಕದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ನ್ನು ಪ್ರಕಟಿಸಬೇಕೆಂದು 1956ರ ಪತ್ರಿಕಾ ನೋಂದಣಿ ನಿಯಮಗಳು ವಿಧಿಸಿದವು. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರುಗಳೊಡನೆ, ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರು, ವಿಳಾಸಗಳೂ ಅದರಲ್ಲಿರಬೇಕು. ಸಣ್ಣ ಅಕ್ಷರಗಳ ಈ ಗದ್ಯವನ್ನು ಓದುವವರು ವಿರಳ. (ಅದರಲ್ಲಿ ಕ್ರಿಯಾಪದಗಳೂ ವಿರಳವೇ.) ಆದರೆ ಪಾಲುದಾರನೇ ಇನ್ನೊಂದು ಕಂಪನಿಯಾಗಿದ್ದರೆ, ಅದರ ಹಿಂದಿನ ವ್ಯಕ್ತಿ ಇಲ್ಲಿ ಕಾಣಿಸುವುದಿಲ್ಲ. ನಮೂನೆಯ ದೊಡ್ಡ ಕೊರತೆ ಇದೇ.

ಹೆಸರು ಹಾಗೆಯೇ ಇದ್ದು ಒಡೆತನ ಬದಲಾಗುವುದೂ ಉಂಟು. ವಿಜಯ ಸಂಕೇಶ್ವರರು ಆರಂಭಿಸಿದ ‘ವಿಜಯ ಕರ್ನಾಟಕ’ವು 2006ರಲ್ಲಿ ಬೆನೆಟ್ ಕೋಲ್ಮನ್ ಕಂಪನಿಯ ವಶವಾಯಿತು. ಮರಾಠಿಯ ‘ಮಹಾರಾಷ್ಟ್ರ ಟೈಮ್ಸ್’ 1962ರಲ್ಲಿ ಹುಟ್ಟಿದ್ದು ಅದೇ ಕಂಪನಿಯಲ್ಲಿ. ನಮ್ಮ ಗಡಿನಾಡಿನ ಮನೆಯೊಂದರಲ್ಲಿ ತಂದೆ ಮರಾಠಿಯದನ್ನೂ ಮಗಳು ಕನ್ನಡದ್ದನ್ನೂ ಓದಿದರೆ, ಎರಡು ಮೂಲಗಳಿಂದ ಸುದ್ದಿ ತಿಳಿದೆವೆಂಬ ಸಮಾಧಾನ ಅವರಿಗಾಗಬಹುದು. ಸಂಪಾದಕರು ಬೇರೆ, ವರದಿಗಾರರು ಬೇರೆ, ನಿಲುವೂ ಬೇರೆಯಿರಬಹುದು. ಬಂಡವಾಳ ಮಾತ್ರ ಒಂದೇ ಮನೆಯದು. ಭಾಷೆ ಬೇರೆಯಾದ ಮಾತ್ರಕ್ಕೆ ಮೂಲ ಬೇರೆಯಾಗದು.

ಇನ್ನು ತಡೆಯುವ ಯತ್ನ. ದೊಡ್ಡ ಪತ್ರಿಕೆಗಳು ಹೆಚ್ಚು ಪುಟಗಳನ್ನು ಕಡಿಮೆ ಬೆಲೆಗೆ ಕೊಟ್ಟು ಸಣ್ಣವನ್ನು ಮುಗಿಸಬಾರದೆಂದು, ಬೆಲೆಗೆ ತಕ್ಕಂತೆ ಪುಟಗಳ ಮಿತಿಯನ್ನು ಗೊತ್ತುಪಡಿಸುವ ಕಾಯ್ದೆಯೊಂದು 1956ರಲ್ಲಿ ಬಂತು. 1960ರಲ್ಲಿ ಅದರನ್ವಯ ಆದೇಶವೂ ಹೊರಟಿತು. ಅದನ್ನು ಪ್ರಶ್ನಿಸಿದ್ದು ಪುಣೆಯ ಮರಾಠಿ ಪತ್ರಿಕೆ ‘ಸಕಾಳ’. ಬೆಲೆ ಏರಿಸಿದರೆ ಪ್ರಸಾರ ಕುಗ್ಗುತ್ತದೆ, ಪುಟ ಇಳಿಸಿದರೆ ಹೇಳುವ ಮಾತು ಕುಗ್ಗುತ್ತದೆ, ಎರಡೂ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಕಾಯ್ದೆಯನ್ನು ರದ್ದುಗೊಳಿಸಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಪುಟ ಎಣಿಸುವ ಅಧಿಕಾರ ಸರಕಾರದ ಕೈಗೆ ಹೋದರೆ ಮಕ್ತೆ ಕೊಡುವವನೂ ಅದೇ ಆಗಿಬಿಡುತ್ತದೆ. ಆದರೆ ಸಣ್ಣ ಪತ್ರಿಕೆಯ ಸಂಕಟಕ್ಕೆ ಆ ತೀರ್ಪಿನಲ್ಲಿ ಪರಿಹಾರವಿರಲಿಲ್ಲ.

ವಿದ್ಯಾರ್ಥಿಗಳು ‘ವಿಜಯ ಕರ್ನಾಟಕ’ದ 2005 ಮತ್ತು 2007ರ ಮಾರ್ಚ್ ಸಂಚಿಕೆಗಳು ಗ್ರಂಥಾಲಯಗಳಲ್ಲಿ ದೊರೆತರೆ, ಎರಡರ ನಮೂನೆ 4ನ್ನೂ ಬರೆದುಕೊಂಡು ತರಗತಿಗೆ ತರತಕ್ಕದ್ದು.