ತಂತಿಯ ಸುರುಳಿಯೂ ಏಕಮುಖ ಪ್ರವಾಹವೂ

ಹೊಸದಾಗಿ ಪ್ರಯೋಗಶಾಲೆಗೆ ಬರುವ ಹುಡುಗಿಯರು ಬ್ಯಾಟರಿಗೆ ತಂತಿಯನ್ನು ಜೋಡಿಸುವಾಗ ಅಂಜುವರು. ಬಿಚ್ಚುವಾಗಲಾದರೋ ಬರಿಗೈಯಿಂದ ನಿರ್ಭಯವಾಗಿ ಎಳೆದುಬಿಡುವರು. ಪ್ರವಾಹದ ದಾರಿಯಲ್ಲಿ ದೊಡ್ಡ ಸುರುಳಿಯೊಂದಿದ್ದರೆ ಬಿಚ್ಚುವಾಗಲೇ ಹೆಚ್ಚು ಅಂಜತಕ್ಕದ್ದು. ಅದು ಹೇಗೆಂಬದನ್ನು ಹಳೆಯ ವಿದ್ಯಾರ್ಥಿನಿಯರಿಗೆ ನೆನಪುಗೊಳಿಸಿ ಪೋಷಕರಿಗೂ ತಿಳಿಸುವದು ಈ ಲೇಖನದ ಉದ್ದೇಶವಾಗಿದೆ.

ಕಬ್ಬಿಣದ ತುಂಡಿನ ಮೇಲೆ ಹೊದಿಕೆಯುಳ್ಳ ತಾಮ್ರದ ತಂತಿಯನ್ನು ಅನೇಕ ಸುತ್ತು ಸುತ್ತಿದರೆ ಪ್ರೇರಕವಾಗುವದು. ಅದರಲ್ಲಿ ಪ್ರವಾಹವು ಹರಿಯುವಾಗ ಕಾಂತಕ್ಷೇತ್ರವು ಏಳುವದು. ಪ್ರವಾಹವು ಏರಿದರೂ ಇಳಿದರೂ ಈ ಕ್ಷೇತ್ರವು ಬದಲಾಗಿ, ಆ ಏರಿಳಿತವನ್ನು ವಿರೋಧಿಸುವ ವೋಲ್ಟೇಜನ್ನು ಅದೇ ತಂತಿಯಲ್ಲಿ ಹುಟ್ಟಿಸುವದು. ಸುರುಳಿಯು ಏಕಮುಖ ಪ್ರವಾಹವನ್ನೇ ತಡೆಯುತ್ತದೆಂದು ಪರೀಕ್ಷೆಯಲ್ಲಿ ಬರೆಯುವವರು ಪ್ರತಿವರ್ಷವೂ ಇದ್ದಾರೆ, ಅದು ಸರಿಯಲ್ಲ. ಪ್ರವಾಹವು ಸ್ಥಿರವಾದ ಮೇಲೆ ಸುರುಳಿಯು ಬರೀ ತಂತಿಯಂತೆಯೇ ಇರುವದು. ಹೇರು ತುಂಬಿದ ಎತ್ತಿನ ಗಾಡಿಯು ಹೊರಡುವದಕ್ಕೂ ತಡಮಾಡುವದು, ನಿಲ್ಲುವದಕ್ಕೂ ತಡಮಾಡುವದಷ್ಟೆ.

12 ವೋಲ್ಟಿನ ಬ್ಯಾಟರಿ, 4 ಓಮ್ ರೋಧ, 2 ಹೆನ್ರಿಯ ಸುರುಳಿ ಇವು ಒಂದೇ ಸಾಲಿನಲ್ಲಿರಲಿ. ಸ್ವಿಚ್ಚನ್ನು ಹಾಕಿದ ಕ್ಷಣದಲ್ಲಿ ಪ್ರವಾಹವು ಸೊನ್ನೆ. ಕಡೆಗೆ 3 ಆಂಪಿಯರ್. ಹೆನ್ರಿಯನ್ನು ಓಮಿನಿಂದ ಭಾಗಿಸಿದರೆ ಅರ್ಧ ಸೆಕೆಂಡು ಬರುವದು. ಅಷ್ಟರಲ್ಲಿ ಪ್ರವಾಹವು ನೂರಕ್ಕೆ 63 ಪಾಲಿಗೆ, ಅಂದರೆ ಸುಮಾರು 1.9 ಆಂಪಿಯರಿಗೆ ಏರುವದು. ಎರಡೂವರೆ ಸೆಕೆಂಡಿನಲ್ಲಿ ನೂರಕ್ಕೆ 99ನ್ನು ದಾಟುವದು.

ಈಗ ಆ ಕಾಂತಕ್ಷೇತ್ರದಲ್ಲಿ 9 ಜೂಲ್ ಶಕ್ತಿಯು ಕೂಡಿರುವದು. ಸ್ವಿಚ್ಚನ್ನು ತೆಗೆದರೆ ಅದು ಎಲ್ಲಿಗೆ ಹೋಗಬೇಕು? ಪ್ರವಾಹವು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಅಡಗಬೇಕಾದರೆ ಸುರುಳಿಯಲ್ಲಿ ಸರಾಸರಿ 6000 ವೋಲ್ಟು ಏಳಬೇಕು. ಬ್ಯಾಟರಿಯದೋ ಬರೀ 12! ಆದದರಿಂದಲೇ ಸ್ವಿಚ್ಚಿನ ಸಂದಿನಲ್ಲಿ ಗಾಳಿಯನ್ನು ಭೇದಿಸಿ ಕಿಡಿ ಹಾರುವದು. ಬೆರಳುಗಳು ಎರಡು ತುದಿಗಳ ಮೇಲಿದ್ದರೆ ಪೆಟ್ಟು ಬೆರಳುಗಳಿಗೇ.

ಉದ್ದವಾದ ತಂತಿಯನ್ನು ಬ್ಯಾಟರಿಯಿಂದ ಬಿಡಿಸುವಾಗ ಇಂಥ ಕಿಡಿ ಕಾಣುವದೆಂದೂ ತಂತಿಯನ್ನು ಸುರುಳಿಮಾಡಿದರೆ ಅದು ಬಲಗೊಳ್ಳುವದೆಂದೂ 1832ರಲ್ಲಿ ಪ್ರಕಟಿಸಿದವರು ಅಮೆರಿಕದ ಜೋಸೆಫ್ ಹೆನ್ರಿ. ಅವರು ಆಲ್ಬನಿ ಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದರೆಂಬದು ನಮ್ಮಂಥವರಿಗೆ ವಿಶೇಷ ಸಂತೋಷದ ಸಂಗತಿ.

ಪೆಟ್ರೋಲ್ ಮೋಟಾರುಗಾಡಿಯಲ್ಲಿ ಈ ಗುಣವೇ ಉಪಕಾರಿಯಾಗಿ, ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದು ಪ್ಲಗ್ಗಿಗೆ ಕಿಡಿಯನ್ನು ಒದಗಿಸುವರು. ಕಿಡಿ ಬೇಡವಾದ ಕಡೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಜೋಡಿಸುವರು. ಸ್ವಿಚ್ಚನ್ನು ತೆಗೆದಾಗ ಪ್ರವಾಹವು ಅದರ ಮೂಲಕ ಸುತ್ತಿ ಮೆಲ್ಲನೆ ಅಡಗುವದು. ಡಯೋಡಿನ ಪಟ್ಟೆಯುಳ್ಳ ತುದಿಯು ಬ್ಯಾಟರಿಯ ಧನ ಧ್ರುವದ ಕಡೆಗೆ ಇರಬೇಕು. ತಿರುಗುಮುರುಗಾದರೆ ಪ್ರವಾಹವು ಸುರುಳಿಯನ್ನು ಬಿಟ್ಟು ಡಯೋಡಿನಲ್ಲಿಯೇ ಹರಿಯುವದು.